ಗಂಧಕ ಹೋಯಿತು, ಜಿಡ್ಡೂ ಹೋಯಿತು

ಡೀಸೆಲ್ ಕಾರಿನ ಟ್ಯಾಂಕಿಗೆ ಅಡಿಟಿವ್ ಸುರಿಯಬೇಕೇ ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಉತ್ತರವನ್ನು ನಾವು ಇಂಧನದ ಚರಿತ್ರೆಯಲ್ಲಿ ಹುಡುಕಬೇಕು.

1990ರ ದಶಕದ ಆರಂಭದಲ್ಲಿ ಸ್ವೀಡನ್ ದೇಶವು ಡೀಸೆಲ್‌ನಿಂದ ಗಂಧಕವನ್ನು ಬಹುಮಟ್ಟಿಗೆ ತೆಗೆಯಿತು. ಹೊಗೆಯ ವಿಷ ತಗ್ಗಿತು; ಆದರೆ ಇಂಧನದ ಪಂಪುಗಳು ಅಕಾಲದಲ್ಲಿ ಸವೆಯತೊಡಗಿದವು. ಜಿಡ್ಡು ನೀಡುತ್ತಿದ್ದುದು ಗಂಧಕವಲ್ಲ. ಅದನ್ನು ತೆಗೆಯುವ ಸಂಸ್ಕರಣೆಯಲ್ಲಿ ಜೊತೆಗೇ ನಾಶವಾದ ಬೇರೆ ಸಂಯುಕ್ತಗಳು. ಅನಂತರ ಆ ಕೊರತೆ ತುಂಬುವ ಅಡಿಟಿವ್ ಅನ್ನು ಮಾರಾಟಕ್ಕೆ ಮೊದಲೇ ಬೆರೆಸುವುದು ರೂಢಿಯಾಯಿತು.

ಭಾರತದಲ್ಲಿ ಬಿಎಸ್-6 ಇಂಧನ ದೆಹಲಿಗೆ 2018ರ ಏಪ್ರಿಲ್‌ನಲ್ಲಿ, ದೇಶಕ್ಕೆಲ್ಲ 2020ರ ಏಪ್ರಿಲ್‌ನಲ್ಲಿ ಬಂದಿತು. ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಜಿಡ್ಡಿನ ಗುಣಕ್ಕೂ ಮಾನದಂಡವಿರುವುದರಿಂದ, ಮುಂಬಯಿ ಪುಣೆಗಳ ನಿತ್ಯದ ಓಡಾಟಕ್ಕೆ ನಾವು ಇನ್ನೊಂದು ಬಾಟಲಿ ಕೊಳ್ಳಬೇಕಾಗಿಲ್ಲ.

ಹಿಮದ ನಾಡಿನ ಮಾತು ಬೇರೆ. ಚಳಿಗೆ ಡೀಸೆಲ್‌ನೊಳಗಿನ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮೈನಸ್ 33 ಡಿಗ್ರಿಯನ್ನೂ ತಾಳುವ ಚಳಿಗಾಲದ ಡೀಸೆಲ್ ಲಡಾಖಿಗೆ ಬಂದದ್ದು 2019ರ ನವೆಂಬರಿನಲ್ಲಿ. ಬಯಲಿನ ಡೀಸೆಲ್ ತುಂಬಿಸಿಕೊಂಡು ಅಲ್ಲಿಗೆ ಹೊರಟವರು ಚಳಿಗೆಂದೇ ಮಾಡಿದ ಅಡಿಟಿವ್ ಅನ್ನು ಮೇಣ ಕಟ್ಟುವ ಮೊದಲೇ ಬೆರೆಸಬೇಕು. ಹೆಪ್ಪುಗಟ್ಟಿದ ಮೇಲೆ ಸುರಿದರೆ ಪ್ರಯೋಜನ ಅಲ್ಪ. ಸವೆದುಹೋದ ಇಂಜೆಕ್ಟರನ್ನಂತೂ ಯಾವ ಬಾಟಲಿಯೂ ಸರಿಪಡಿಸದು. ಕೊರತೆ ಏನೆಂದು ತಿಳಿದಲ್ಲಿ ಮಾತ್ರ ಅಡಿಟಿವ್ ಮದ್ದು. ಉಳಿದೆಡೆ ಅದು ಬರಿಯ ವೆಚ್ಚ.