ವರ್ಗವಾಗಿ ಹೋದ ತಂಡ

ಬ್ಯಾಂಕಿನವರಿಗೆ ವರ್ಗಾವಣೆ ಹೊಸದಲ್ಲ. ನಾನು ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದದ್ದೂ ಅಂಥ ಒಂದು ಆರ್ಡರಿನ ಕೃಪೆಯಿಂದಲೇ. ಮೂರು ವರ್ಷ ಇದ್ದು ಹೋದರಾಯ್ತು ಅಂದುಕೊಂಡವನು ಇಲ್ಲೇ ಮನೆ ಮಾಡಿದೆ, ಮಗ ಇಲ್ಲೇ ಹುಟ್ಟಿದ. ಆದರೆ ಒಂದು ಫುಟ್‌ಬಾಲ್ ತಂಡಕ್ಕೂ ವರ್ಗಾವಣೆ ಆಗುತ್ತದೆ ಅಂತ ಗೊತ್ತಾದದ್ದು 2025ರ ಅಕ್ಟೋಬರಿನಲ್ಲಿ. ಹೈದರಾಬಾದ್ ಎಫ್‌ಸಿ ಗಂಟುಮೂಟೆ ಕಟ್ಟಿಕೊಂಡು ದೆಹಲಿಗೆ ಹೋಯಿತು, ಹೆಸರೂ ಬದಲಾಯಿತು. ಮಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ಹೋಗಲಿ ಬಿಡೋ, ಆಟ ತಾನೇ" ಅಂದಿದ್ದಕ್ಕೆ ನನ್ನನ್ನೇ ದುರುಗುಟ್ಟಿ ನೋಡಿದ.

ಅವನಿಗೆ ಹೇಳಬೇಕೆಂದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಕನ್ನಡದವರು ಕಾರ್ಯಕ್ರಮಕ್ಕೆಂದು ಹೋಗುವ ಕಾಚಿಗುಡ ಇದೆಯಲ್ಲ, ಅಲ್ಲಿನ ಮಿಡಲ್ ಸ್ಕೂಲಿನಲ್ಲಿ ಒಬ್ಬರು ಮೇಷ್ಟ್ರಿದ್ದರು, ಸೈಯದ್ ಅಬ್ದುಲ್ ರಹೀಮ್. 2024ರಲ್ಲಿ ಬಂದ 'ಮೈದಾನ್' ಸಿನಿಮಾ ನೋಡಿದವರಿಗೆ ಈ ಹೆಸರು ಗೊತ್ತು. 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು. ಅದೇ ವರ್ಷ ಡ್ಯುರಾಂಡ್ ಕಪ್ ಫೈನಲ್ಲಿನಲ್ಲಿ ಮೋಹನ್ ಬಾಗಾನ್ ತಂಡವನ್ನೇ ಸೋಲಿಸಿದರು. ಬೊಂಬಾಯಿಯ ರೋವರ್ಸ್ ಕಪ್ಪನ್ನಂತೂ 1950ರಿಂದ 1954ರವರೆಗೆ ಸತತ ಐದು ಸಲ ಗೆದ್ದರು. ಐದು ಸಲ!

ಆಗ ಕಾಗದದ ಮೇಲೆ ಎಲ್ಲರೂ ಹವ್ಯಾಸಿ ಆಟಗಾರರೇ. ಆದರೆ ಹೊಟ್ಟೆ ತುಂಬಬೇಕಲ್ಲ? ಹುಡುಗ ಚೆನ್ನಾಗಿ ಆಡಿದರೆ ಪೊಲೀಸ್ ಇಲಾಖೆಯಲ್ಲಿ ಕೆಲಸ. ತಿಂಗಳಿಗೆ ಸಂಬಳ, ಮೈಮೇಲೆ ಖಾಕಿ, ಕಾಲಲ್ಲಿ ಚೆಂಡು. ಆಟದಿಂದ ಜೀವನ ನಡೆಯುತ್ತಿತ್ತು, ಆದರೆ ಆಟಕ್ಕೆಂದು ಯಾರೂ ದುಡ್ಡು ಕೊಡುತ್ತಿರಲಿಲ್ಲ. ಬಿಕಾಂ ಓದಿದ ನನ್ನಂಥವನ ಕಣ್ಣಿಗೆ ಇದು ಜಾಣ ಲೆಕ್ಕ. ಮೊತ್ತ ಸಣ್ಣದು ನಿಜ, ಆದರೆ ಮಂಡಿ ನೋವು ಬಂದು ಆಟ ನಿಂತರೂ ಕೆಲಸ ನಿಲ್ಲುತ್ತಿರಲಿಲ್ಲ. ಮುಂದೆ ಬ್ಯಾಂಕುಗಳೂ ಇದೇ ದಾರಿ ಹಿಡಿದವು. ಸ್ಪೋರ್ಟ್ಸ್ ಕೋಟಾದಲ್ಲಿ ಬಂದು, ಮಧ್ಯಾಹ್ನವೇ ಪ್ರಾಕ್ಟೀಸಿಗೆ ಹೊರಡುವ ಸಹೋದ್ಯೋಗಿಗಳನ್ನು ನೋಡಿ ಹೊಟ್ಟೆಕಿಚ್ಚು ಪಟ್ಟವರಲ್ಲಿ ನಾನೂ ಒಬ್ಬ.

ಹಾಗಂತ ಅದೇ ಸ್ವರ್ಗ ಅನ್ನಲಾರೆ. ಸಿಕಂದರಾಬಾದಿನ ಅಮ್ಮುಗುಡದ ಬಡ ಹುಡುಗ ತುಳಸಿದಾಸ್ ಬಲರಾಮ್ ರಹೀಮರ ಕಣ್ಣಿಗೆ ಬಿದ್ದು ಬೆಳಗಿದ, 1956ರಲ್ಲಿ ಮೆಲ್ಬೋರ್ನ್ ಒಲಿಂಪಿಕ್ಸಿಗೆ ಹೋದ. ಮರುವರ್ಷವೇ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ. ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಹಾಗೆಯೇ ಕಲ್ಕತ್ತೆಗೆ ಹೋಗಿ ಮೋಹನ್ ಬಾಗಾನ್ ಪರ ಆಡಿದವರು. ನಾವೆಲ್ಲ ಊರು ಬಿಟ್ಟದ್ದೂ ಅದಕ್ಕೇ ಅಲ್ಲವೇ?

ಮೆಲ್ಬೋರ್ನಿನಲ್ಲಿ ರಹೀಮರ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಬಂತು. 1962ರಲ್ಲಿ ಜಕಾರ್ತ ಏಷ್ಯನ್ ಗೇಮ್ಸಿನಲ್ಲಿ ದಕ್ಷಿಣ ಕೊರಿಯಾ ವಿರುದ್ಧ 2-1, ಚಿನ್ನ. ಅಷ್ಟು ಹೊತ್ತಿಗಾಗಲೇ ಮೇಷ್ಟ್ರನ್ನು ಕ್ಯಾನ್ಸರ್ ತಿನ್ನುತ್ತಿತ್ತು. 1963ರ ಜೂನಿನಲ್ಲಿ ತೀರಿಕೊಂಡರು. ಈ ಊರಿನ ಫುಟ್‌ಬಾಲ್ ಆಮೇಲೆ ಹಳೆಯ ಎತ್ತರಕ್ಕೆ ಏರಲೇ ಇಲ್ಲ.

ನಿಜವಾದ ದುಡ್ಡಿನ ಆಟ ಬಂದದ್ದು ಐಪಿಎಲ್ ಜೊತೆ. ಡೆಕ್ಕನ್ ಚಾರ್ಜರ್ಸ್ ತಂಡವನ್ನು 2008ರಲ್ಲಿ 107 ಮಿಲಿಯನ್ ಡಾಲರಿಗೆ ಕೊಂಡರು. 2009ರ ಫೈನಲ್ ನೆನಪಿದೆಯಾ? ಜೋಹಾನ್ಸ್‌ಬರ್ಗಿನಲ್ಲಿ ನಮ್ಮ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಬೆಂಗಳೂರು 6 ರನ್ನಿನಿಂದ ಸೋತಿತು. ಅಪಾರ್ಟ್‌ಮೆಂಟಿನಲ್ಲಿ ಪಟಾಕಿ, ನನ್ನ ಮುಖ ಹರಳೆಣ್ಣೆ ಕುಡಿದಂತೆ. ಆದರೆ ಮೂರೇ ವರ್ಷದಲ್ಲಿ ಆ ಚಾಂಪಿಯನ್ ತಂಡವೇ ಇಲ್ಲವಾಯಿತು. ಮಾಲೀಕರು ಸಾಲದಲ್ಲಿ ಸಿಲುಕಿದರು, 2012ರಲ್ಲಿ ಬಿಸಿಸಿಐ ಕರಾರನ್ನೇ ರದ್ದು ಮಾಡಿತು. ಅದರ ಜಾಗಕ್ಕೆ ಬಂದ ಸನ್‌ರೈಸರ್ಸ್ 2016ರಲ್ಲಿ ಚಿನ್ನಸ್ವಾಮಿಯಲ್ಲೇ ನಮ್ಮನ್ನು 8 ರನ್ನಿನಿಂದ ಸೋಲಿಸಿದರು. ಆ ರಾತ್ರಿ ಮಗ ಕುಣಿದಾಡಿದ. "ನಮ್ಮನ್ನು" ಎಂಬ ಮಾತಿಗೆ ನಮ್ಮ ಮನೆಯಲ್ಲಿ ಎರಡು ಅರ್ಥ ಇದೆ ಅಂತ ತಿಳಿದದ್ದು ಅವತ್ತೇ.

ಹೈದರಾಬಾದ್ ಎಫ್‌ಸಿಯೂ ಇಲ್ಲಿ ಹುಟ್ಟಿದ್ದೇನಲ್ಲ. 2019ರಲ್ಲಿ ಪುಣೆಯ ತಂಡ ಮುಚ್ಚಿದಾಗ ಅದರ ಜಾಗಕ್ಕೆ ಬಂದದ್ದು. 2022ರ ಮಾರ್ಚಿನಲ್ಲಿ ಗೋವಾದ ಫೈನಲ್, ಎದುರಿಗೆ ಕೇರಳ ಬ್ಲಾಸ್ಟರ್ಸ್. 1-1 ಆಗಿ ಪೆನಾಲ್ಟಿಗೆ ಹೋಯಿತು. ಗೋಲಿನಲ್ಲಿ ನಿಂತಿದ್ದವ ಲಕ್ಷ್ಮೀಕಾಂತ ಕಟ್ಟಿಮನಿ. ಗೋವಾದ ಹುಡುಗ ನಿಜ, ಆದರೆ ಆ ಅಡ್ಡಹೆಸರು ಕೇಳಿದರೆ ನಮ್ಮ ಕಡೆಯವರ ಕಿವಿ ನೆಟ್ಟಗಾಗದೆ ಇರುತ್ತದೆಯೇ! ಮೂರು ಪೆನಾಲ್ಟಿ ತಡೆದ. ಅವತ್ತು ಅಪ್ಪ-ಮಗ ಒಂದೇ ಕಡೆ ಇದ್ದೆವು, ಒಟ್ಟಿಗೆ ಕೂಗಿದೆವು. ಎರಡು ವರ್ಷ ಕಳೆಯುವುದರೊಳಗೆ ಸಂಬಳ ಬಾಕಿಯ ಸುದ್ದಿ ಶುರುವಾಯಿತು, ಆಟಗಾರರು ಒಬ್ಬೊಬ್ಬರೇ ಬಿಟ್ಟು ಹೋದರು, ಮಾಲೀಕರು ಬದಲಾದರು, ಕೊನೆಗೆ ಊರೂ ಬದಲಾಯಿತು.

ಆ ಗೆಲುವಿನ ವರ್ಷ ಕೊಂಡ ಹಳದಿ ಜರ್ಸಿ ಮನೆಯಲ್ಲಿದೆ. ಹಳೇ ಬಟ್ಟೆ ಕೊಟ್ಟು ಪಾತ್ರೆ ತೆಗೆದುಕೊಳ್ಳುವಾಗ ನನ್ನಾಕೆ ಅದನ್ನೂ ಗಂಟಿಗೆ ಸೇರಿಸಿದ್ದಳು. ಮಗ ನೋಡಿ ವಾಪಸ್ ಎಳೆದುಕೊಂಡ. ಭಾನುವಾರ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಆಡಲು ಹೋಗುತ್ತಾನೆ.