ಶೆವ್ರೊಲೆ ಸಿ-10 ಪಿಕಪ್: ಹಿಂಬದಿಯ ಅಗಲ ಟೈರು-ಚಕ್ರಗಳ ಆಯ್ಕೆ

ಅಮೆರಿಕದಲ್ಲಿ 1967ರಿಂದ 1972ರ ಮಾದರಿಗಳಾಗಿ ಬಂದ ಶೆವ್ರೊಲೆ ಸಿ-10 ಪಿಕಪ್ಪಿನ ಹಿಂಬದಿಗೆ ಅಗಲವಾದ ಟೈರುಗಳನ್ನು ತೊಡಿಸಬಯಸುವವರು ಮೊದಲು ಅಳೆಯತಕ್ಕದ್ದು ಚಕ್ರವು ಹಬ್ಬಿಗೆ ತಾಗುವ ಮುಖಕ್ಕೂ ರಿಮ್ಮಿನ ಒಳ ಅಂಚಿಗೂ ನಡುವಣ ಅಂತರವನ್ನು. ಏಕೆಂದರೆ ಇದು ಅಧಿಕವಾದರೆ ಟೈರು ಒಳಗಡೆ ಚಾಸಿಯ ಭಾಗಗಳಿಗೆ ಉಜ್ಜುವುದು, ಅಲ್ಪವಾದರೆ ಹೊರಚಾಚಿ, ಭಾರ ಹೇರಿದೊಡನೆ ಮಡ್‌ಗಾರ್ಡಿನ ಅಂಚಿಗೆ ತಗುಲುವುದು. ರಿಮ್ಮಿಗೆ ಅಡ್ಡಲಾಗಿ ನೇರ ಪಟ್ಟಿಯೊಂದನ್ನಿಟ್ಟು ಅಳೆದರೆ ಈ ಅಂತರ ತಿಳಿಯುತ್ತದೆ. 275 ಮಿಲಿಮೀಟರ್ ಅಗಲವೂ ಸುಮಾರು 711 ಮಿಲಿಮೀಟರ್ ವ್ಯಾಸವೂ ಉಳ್ಳ 275/60 ಆರ್ 15 ಟೈರು 8 ಅಂಗುಲದ ರಿಮ್ಮಿನ ಮೇಲೆ ಸಮರ್ಪಕವಾಗಿ ಕೂರುವುದರಿಂದ, ಅತಿರೇಕವಿಲ್ಲದೆ ವಾಹನದ ಗಾಂಭೀರ್ಯವನ್ನು ಹೆಚ್ಚಿಸುವ ಆಯ್ಕೆ ಇದೇ. 1970ರವರೆಗಿನ ಸಿ-10ರ ಚಕ್ರಗಳಿಗೆ ಆರು ಬೋಲ್ಟುಗಳು, 1971ರಿಂದ ಐದು. ಆದುದರಿಂದ ಮಾದರಿಯ ವರ್ಷವನ್ನು ಪರೀಕ್ಷಿಸದೆ ಚಕ್ರಗಳನ್ನು ಕೊಳ್ಳಲಾಗದು.