ಸರಸ್ವತೀ ಭಂಡಾರ: ಕಲಬುರಗಿ ಸೀಮೆಯ ವಿದ್ಯಾಪೀಠ ಗ್ರಂಥಾಲಯಗಳು

ವಿದ್ಯಾಪೀಠಕ್ಕೆ ಸೇರಿದ ಗ್ರಂಥಸಂಗ್ರಹಕ್ಕೆ ಸರಸ್ವತೀ ಭಂಡಾರ ಎಂಬ ಹೆಸರು ಕನ್ನಡ ನಾಡಿನ ಶಾಸನಗಳಲ್ಲಿ ಬರುತ್ತದೆ. ಇದಕ್ಕೆ ಸಿಗುವ ಸ್ಪಷ್ಟವಾದ ಹಳೆಯ ದಾಖಲೆಗಳಲ್ಲೊಂದು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಮಗ್ಗುಲಿಗಿರುವ ನಾಗಾವಿಯ ಶಾಸನ. ಅದರ ಕಾಲ 1058, ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಆಳ್ವಿಕೆ. ಅವನ ದಂಡನಾಯಕ ಮಧುಸೂದನ ನಾಗಾವಿಯಲ್ಲಿ ತ್ರೈಪುರುಷ ದೇವಾಲಯವನ್ನೂ ಅದಕ್ಕೆ ಹೊಂದಿಕೊಂಡ ಘಟಿಕಾಸ್ಥಾನ ಎಂಬ ವಿದ್ಯಾಪೀಠವನ್ನೂ ಕಟ್ಟಿಸಿದ. ವೇದ ಓದುವ 200 ಮಂದಿಗೂ ಶಾಸ್ತ್ರ ಓದುವ 52 ಮಂದಿಗೂ ಅಲ್ಲಿ ಏರ್ಪಾಡಿತ್ತು. ಭಟ್ಟದರ್ಶನ, ನ್ಯಾಸ, ಪ್ರಾಭಾಕರಗಳನ್ನು ಹೇಳಿಕೊಡಲು ಬೇರೆ ಬೇರೆ ಉಪಾಧ್ಯಾಯರಿದ್ದರು. ಗ್ರಂಥ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗಳಿದ್ದರು.

ಈ ಆರು ಮಂದಿಯ ಜೀವನಕ್ಕೆ ಬಿಟ್ಟ ಭೂಮಿಯ ವಿವರ, ಉಪಾಧ್ಯಾಯರ ಭೂಮಿಯನ್ನು ಕೆತ್ತಿದ ಕಲ್ಲಿನ ಮೇಲೆಯೇ ಇದೆ. ಗ್ರಂಥಾಲಯದ ಇತಿಹಾಸ ಬರೆಯುವವರು ಪುಸ್ತಕಗಳ ಸಂಖ್ಯೆಯನ್ನೇ ಹುಡುಕುತ್ತಾರೆ. ನಾಗಾವಿಯ ದಾನಿ ಕೆತ್ತಿಸಿದ್ದು ಕಾಯುವವರ ಸಂಖ್ಯೆಯನ್ನು. ಅದು ಸರಿಯಾದ ಲೆಕ್ಕ. ಓಲೆಗರಿಗೆ ಆಯಸ್ಸು ಕಡಿಮೆ. ಎಣ್ಣೆ ಸವರಿ, ಹುಳು ಬೀಳದಂತೆ ಬಟ್ಟೆಯಲ್ಲಿ ಸುತ್ತಿ, ಹಳೆಯದು ಮುರಿಯುವ ಮೊದಲೇ ಹೊಸ ಪ್ರತಿ ಎತ್ತಿಸಬೇಕು. ಹೊಸ ಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರ ಕಣ್ಣಿಗೆ ಹಿಡಿಯುವುದಿಲ್ಲ, ಮಸಿ ತಿಕ್ಕಿ ಒರೆಸಿದ ಮೇಲೆ ಮೂಡುತ್ತದೆ. ಇಷ್ಟು ಶ್ರಮ ಬೇಡುವ ಕೆಲಸದಲ್ಲಿ ಯಾವುದನ್ನು ಮತ್ತೆ ಬರೆಸಬೇಕು ಎಂದು ತೀರ್ಮಾನಿಸುವುದೇ ಆಯ್ಕೆ. ಪ್ರತಿ ಎತ್ತದೆ ಬಿಟ್ಟ ಗ್ರಂಥ ತಾನಾಗಿಯೇ ಸಂಗ್ರಹದಿಂದ ಹೊರಬೀಳುತ್ತಿತ್ತು.

ಈ ಸೀಮೆಯಲ್ಲಿ ಅದಕ್ಕೆ ಕಣ್ಣೆದುರಿನ ನಿದರ್ಶನ ಮಳಖೇಡ. ಅದು ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ದಂಡೆಯ ಮೇಲಿದೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಅವನ ಗುರು ಜಿನಸೇನ 837ರಲ್ಲಿ ‘ಜಯಧವಲಾ’ ವ್ಯಾಖ್ಯಾನವನ್ನು ಮುಗಿಸಿದ. 972ರಲ್ಲಿ ಪರಮಾರ ಸೀಯಕ ರಾಜಧಾನಿಯನ್ನು ಕೊಳ್ಳೆಹೊಡೆದ. ಜಯಧವಲಾವೂ ಅದರ ಜೊತೆಯ ವ್ಯಾಖ್ಯಾನ ಧವಲಾವೂ ಉಳಿದದ್ದು ದೂರದ ಮೂಡುಬಿದಿರೆಯ ಬಸದಿಯಲ್ಲಿ, ಹಳಗನ್ನಡ ಲಿಪಿಯ ಓಲೆಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವುಗಳ ಪ್ರತಿ ಮಾಡುವ ಕೆಲಸ ಹಿಡಿದರು. ಧವಲಾದ ಮೊದಲ ಸಂಪುಟ ಅಚ್ಚಾಗಿ ಬಂದದ್ದು 1939ರಲ್ಲಿ. ಮಾನ್ಯಖೇಟದ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದ ಪೊನ್ನನ ‘ಶಾಂತಿಪುರಾಣ’ಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಶಾಸ್ತ್ರದಾನ ಎಂಬ ಪುಣ್ಯಕಾರ್ಯ ಆಗಿನ ಗ್ರಂಥ ಭಂಡಾರಗಳಿಗೆ ಖರೀದಿಯ ಅನುದಾನವಿದ್ದಂತೆ.

ಬಹಮನಿ ಕಾಲದಲ್ಲಿ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾಕ್ಕೂ ದೊಡ್ಡ ಗ್ರಂಥಾಲಯವಿತ್ತು. ನಿಜಾಮರ ಆಳ್ವಿಕೆಯಲ್ಲಿ ಉನ್ನತ ಶಿಕ್ಷಣದ ಕೇಂದ್ರ ಹೈದರಾಬಾದಿಗೆ ಸರಿಯಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಆಗ ಉರ್ದುವಾಗಿತ್ತು. ಆ ಭಾಷೆಯಲ್ಲಿ ಬೇಕಾದಷ್ಟು ಪಠ್ಯಗಳಿರಲಿಲ್ಲವಾದ್ದರಿಂದ ದಾರುಲ್ ತರ್ಜುಮಾ ಎಂಬ ಅನುವಾದ ವಿಭಾಗ ತೆರೆದು ಪುಸ್ತಕಗಳನ್ನು ತಯಾರಿಸಿದರು.

ಕಲಬುರಗಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1970ರಲ್ಲಿ ಶುರುವಾಗಿ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ 2009ರದು. ವಿಶ್ವವಿದ್ಯಾಲಯ ಗ್ರಂಥಾಲಯಗಳಲ್ಲಿ ಆಯ್ಕೆ ಸಾಮಾನ್ಯವಾಗಿ ವಿಭಾಗಗಳಿಂದ ಮೇಲೇರುತ್ತದೆ. ಅಧ್ಯಾಪಕರು ಪಟ್ಟಿ ಕೊಡುತ್ತಾರೆ; ಆ ಪುಸ್ತಕ ಈಗಾಗಲೇ ಇದೆಯೇ ಎಂದು ಸಿಬ್ಬಂದಿ ತಾಳೆ ನೋಡುತ್ತಾರೆ; ಗ್ರಂಥಾಲಯ ಸಮಿತಿ ಒಪ್ಪಿದ ಮೇಲೆ ಮಾರಾಟಗಾರರಿಗೆ ಆರ್ಡರ್ ಹೋಗುತ್ತದೆ. ಬಂದ ಪ್ರತಿಗೆ ಅಕ್ಸೆಷನ್ ರಿಜಿಸ್ಟರಿನಲ್ಲಿ ಒಂದು ಸಂಖ್ಯೆ ಬೀಳುತ್ತದೆ. ಶೀರ್ಷಿಕೆ ಪುಟದ ಹಿಂದೆ ಮುದ್ರೆ ಒತ್ತುವುದಲ್ಲದೆ ಎಷ್ಟೋ ಗ್ರಂಥಾಲಯಗಳು ಒಂದು ಗುಟ್ಟಿನ ಪುಟವನ್ನೂ ಗೊತ್ತುಮಾಡಿಕೊಂಡಿರುತ್ತವೆ. ಎಲ್ಲ ಪುಸ್ತಕಗಳಲ್ಲೂ ಅದೇ ಪುಟದ ಮೇಲೆ ಮುದ್ರೆ. ಮೊದಲ ಹಾಳೆ ಹರಿದುಹೋದರೂ ಪುಸ್ತಕ ಯಾರದೆಂದು ಅದು ಹೇಳುತ್ತದೆ.

ಕಳೆದುಹೋದ ಪುಸ್ತಕಕ್ಕೂ ನಿಯಮವಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ 20,000 ಸಂಪುಟಗಳೊಳಗಿನ ಗ್ರಂಥಾಲಯ ಪ್ರತಿವರ್ಷ ಪೂರ್ತಿ ಎಣಿಕೆ ಮಾಡಬೇಕು; 50,000ದವರೆಗಿನದು ಮೂರು ವರ್ಷಕ್ಕೊಮ್ಮೆಯಾದರೂ; ಅದಕ್ಕೂ ದೊಡ್ಡದರಲ್ಲಿ ಮಾದರಿ ಎಣಿಕೆ ಸಾಕು. ವರ್ಷದಲ್ಲಿ ಓದಲು ಕೊಟ್ಟ ಸಾವಿರ ಸಂಪುಟಗಳಲ್ಲಿ ಐದು ಕಳೆದರೆ ಸಹಜ ನಷ್ಟವೆಂದು ಒಪ್ಪಬಹುದು, ಆದರೆ ಅಪರೂಪದ ಪುಸ್ತಕ ಹೋದರೆ ಬೆಲೆ ಎಷ್ಟೇ ಇರಲಿ ತನಿಖೆ ಆಗಲೇಬೇಕು. ಈ ಐದರ ರಿಯಾಯಿತಿ ದೊಡ್ಡ ವಿವೇಕದ್ದು. ನಷ್ಟದ ಭಯದಲ್ಲಿ ಕಪಾಟಿಗೆ ಬೀಗ ಹಾಕಿದರೆ ಓದುಗರೇ ಇಲ್ಲದ ಸಂಗ್ರಹ ಉಳಿಯುತ್ತದೆ. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ, ಪುಸ್ತಕಗಳಿರುವುದು ಬಳಕೆಗೆ ಎಂಬುದು.

ತೆಗೆದುಹಾಕುವುದು ಕೊಳ್ಳುವುದಕ್ಕಿಂತ ಕಷ್ಟ. ಕಂಪ್ಯೂಟರ್ ಪಠ್ಯ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಸೇಡಂ, ವಾಡಿ, ಶಹಾಬಾದಗಳ ಸಿಮೆಂಟಿಗೂ ಹಾಸುಗಲ್ಲಿಗೂ ಮೂಲವಾದ ಭೀಮಾ ಶ್ರೇಣಿಯ ಸುಣ್ಣಕಲ್ಲನ್ನು ಓದುವವನಿಗೆ ಮಾತ್ರ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ವರದಿ ಇವತ್ತಿಗೂ ಬೇಕು. ವರ್ಷ ನೋಡಿ ಹಳೆಯದನ್ನು ರದ್ದಿಗೆ ಹಾಕುವ ಗ್ರಂಥಾಲಯ ಇಂಥದ್ದನ್ನು ಕಳೆದುಕೊಳ್ಳುತ್ತದೆ.

ನಿಯತಕಾಲಿಕಗಳ ಆಯ್ಕೆ ಈಗ ಬಹುಮಟ್ಟಿಗೆ ಕಲಬುರಗಿಯ ಕೈಯಲ್ಲಿಲ್ಲ. 2025ರ ಜನವರಿಯಿಂದ ನಡೆಯುತ್ತಿರುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 30 ಪ್ರಕಾಶಕರ ಸುಮಾರು 13,000 ಇ-ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುತ್ತದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. ಆದರೆ ಊರಿನ ಮಠ ಅಚ್ಚು ಹಾಕಿಸಿದ ವಚನ ಸಂಪುಟ, ಸಣ್ಣ ಪ್ರಕಾಶಕರ ಕವನ ಸಂಕಲನ, ತಾಲ್ಲೂಕು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆ ಆ ಚಂದಾದೊಳಗೆ ಬರುವುದಿಲ್ಲ, ದೊಡ್ಡ ಮಾರಾಟಗಾರರ ಪಟ್ಟಿಯಲ್ಲೂ ಸಿಗುವುದು ಅಪರೂಪ. ಚಂದಾದ ಹೊರೆ ಇಳಿದು ಉಳಿಯುವ ಹಣವೂ ಸಮಯವೂ ಮೊದಲು ಸಲ್ಲಬೇಕಾದದ್ದು ಇವಕ್ಕೆ. ಇವನ್ನು ಸೇರಿಸಬೇಕಾದರೆ ಗ್ರಂಥಪಾಲಕ ಸೇಡಂ, ಚಿಂಚೋಳಿ, ಚಿತ್ತಾಪುರಗಳಿಗೆ ಖುದ್ದಾಗಿ ಹೋಗಿ, ಅಚ್ಚು ಹಾಕಿಸಿದವರ ಮನೆಯಿಂದಲೇ ಪ್ರತಿ ತರಬೇಕಾಗುತ್ತದೆ.